ಊದಿದ ಕೈಕಾಲಿಗೆ ಯಾವುದು ಸರಿ: ಲಿಂಫ್ ಮಸಾಜ್, ಬ್ಯಾಂಡೇಜ್, ಪಂಪ್ ಅಥವಾ ಎಣ್ಣೆ ತಿಕ್ಕುವುದೇ?

ಅಮ್ಮನಿಗೆ ಸ್ತನದ ಕ್ಯಾನ್ಸರ್ ಆಪರೇಷನ್ ಆಗಿ 14 ತಿಂಗಳಾಗಿತ್ತು. ಗೌರಿ ಹಬ್ಬದ ಹಿಂದಿನ ದಿನ ಹೊಸ ಬಳೆ ತೊಡುತ್ತ, "ಎಡಗೈಗೆ ಸಲೀಸಾಗಿ ಹೋಯ್ತು, ಬಲಗೈಗೆ ಏರ್ತಾನೇ ಇಲ್ಲ ಕಣೇ" ಅಂದಳು. ರವಿಕೆಯ ಬಲತೋಳು ಬಿಗಿಯಾಗುತ್ತಿದ್ದದ್ದೂ ಆಗ ನೆನಪಾಯಿತು. ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಮುಂದೆ ಕೈ ಊದಿಕೊಳ್ಳಬಹುದು ಎಂದು ಆಸ್ಪತ್ರೆಯಿಂದ ಬಿಡುವ ದಿನ ಹೇಳಿದ್ದರು. ಹೊಲಿಗೆ, ಕೀಮೋ, ಓಡಾಟಗಳ ನಡುವೆ ನಾವು ಅದನ್ನು ಮರೆತಿದ್ದೆವು.

ಆಮೇಲೆ ಮಾಡಿದ್ದು ಇನ್ನೊಂದು ತಪ್ಪು. ಪೇಟೆಯ ಒಂದು ಸ್ಪಾದಲ್ಲಿ 'ಲಿಂಫ್ ಡ್ರೈನೇಜ್' (ಮೈಯ ದುಗ್ಧರಸ, ಅಂದರೆ ಲಿಂಫ್, ಬಸಿದು ಹೋಗುವಂತೆ ಮಾಡುವ ಮಸಾಜ್) ಎಂಬ ಬೋರ್ಡು ಕಂಡು ಹತ್ತು ಸಲದ ದುಡ್ಡನ್ನು ಒಟ್ಟಿಗೇ ಕಟ್ಟಿದೆವು. ಅಲ್ಲಿ ಎಣ್ಣೆ ಹಚ್ಚಿ, ಬೆರಳಿನಿಂದ ಭುಜದವರೆಗೆ ಗಟ್ಟಿಯಾಗಿ ಉಜ್ಜಿದರು. ಮೂರನೇ ಸಲ ಕೈ ಕೆಂಪಾಗಿ ಇನ್ನಷ್ಟು ಭಾರವಾಯಿತು. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಸಿಕ್ಕಿದ ಮೇಲೆಯೇ ಗೊತ್ತಾದದ್ದು: ಮಸಾಜು ಚಿಕಿತ್ಸೆಯ ಒಂದು ಭಾಗ ಮಾತ್ರ, ಅದೂ ದೊಡ್ಡ ಭಾಗವಲ್ಲ. ಊತ ಇಳಿಸಿ ಅಲ್ಲೇ ಹಿಡಿದಿಡುವುದು ಬ್ಯಾಂಡೇಜು. ಯಾವುದಕ್ಕೆ ಎಷ್ಟು ದುಡ್ಡು, ಎಷ್ಟು ಸಮಯ ಹಾಕಬೇಕೆಂದು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಸಾಜಿಗೆ ಮೊದಲು: ಇದು ಎಂಥ ಊತ?

ಎಲ್ಲ ಊತವೂ ಲಿಂಫಿನದಲ್ಲ. ಎರಡೂ ಪಾದ ಒಟ್ಟಿಗೆ ಊದಿ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ರಕ್ತಹೀನತೆ ಇವುಗಳನ್ನು ಮೊದಲು ನೋಡಿಸಬೇಕು. ಬಿಪಿಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಎಷ್ಟೋ ಜನರ ಕಣಕಾಲು ಊದುತ್ತದೆ. ಮಾತ್ರೆ ಬದಲಿಸಿದರೆ ಹೋಗುವ ಊತಕ್ಕೆ ತಿಂಗಳುಗಟ್ಟಲೆ ಕಾಲು ನೀವಿಸಿಕೊಂಡವರನ್ನು ನಾನು ಕಂಡಿದ್ದೇನೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಒಂದೇ ಕಾಲು ದಿಢೀರನೆ ಊದಿ ಮೀನಖಂಡ ನೋಯುತ್ತಿದ್ದರೆ ಆ ಕಾಲನ್ನು ಯಾರೂ ಮುಟ್ಟಿ ತಿಕ್ಕಕೂಡದು. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಆ ಗಡ್ಡೆ ಸಡಿಲಗೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಊದಿದ ಜಾಗ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದಿದ್ದರೆ ಅದು ಚರ್ಮದ ಸೋಂಕು. ಅದಕ್ಕೆ ಆಂಟಿಬಯೋಟಿಕ್ ಬೇಕು, ಜ್ವರ ಪೂರ್ತಿ ಇಳಿಯುವವರೆಗೆ ಮಸಾಜ್ ಬೇಡ. ಹೃದಯ ಸೋತಿರುವವರಲ್ಲಿ ಕೈಕಾಲಿನ ನೀರನ್ನು ಒಮ್ಮೆಲೇ ಒಳಗೆ ತಳ್ಳಿದರೆ ಉಸಿರು ಕಟ್ಟಬಹುದು. ಅವರಿಗೆ ಲಿಂಫ್ ಮಸಾಜೂ ಪಂಪೂ ಎರಡೂ ನಿಷಿದ್ಧ.

ಲಿಂಫಿನ ಊತಕ್ಕೆ ಕೆಲವು ಗುರುತುಗಳಿವೆ. ಸಾಮಾನ್ಯವಾಗಿ ಒಂದೇ ಕಡೆ ಬರುತ್ತದೆ. ಮೊದಮೊದಲು ರಾತ್ರಿ ಮಲಗೆದ್ದರೆ ಇಳಿಯುತ್ತದೆ, ತಿಂಗಳು ಕಳೆದಂತೆ ಇಳಿಯುವುದಿಲ್ಲ. ಕಾಲಿನ ಎರಡನೇ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ಬರದಿದ್ದರೆ ಅನುಮಾನ ಬಲವಾಗುತ್ತದೆ.

ಬಸಿಗಾಲುವೆಯ ಲೆಕ್ಕ

ನಮ್ಮ ಮಲೆನಾಡಿನ ಅಡಿಕೆ ತೋಟದಲ್ಲಿ ಬಸಿಗಾಲುವೆ ಎಷ್ಟು ಮುಖ್ಯವೋ ಮೈಯಲ್ಲಿ ಲಿಂಫ್ ಹರಿಯುವ ದುಗ್ಧನಾಳಗಳು ಅಷ್ಟೇ ಮುಖ್ಯ. ರಕ್ತನಾಳದಿಂದ ಹೊರಗೆ ಜಿನುಗಿದ ನೀರು, ಪ್ರೋಟೀನುಗಳನ್ನು ಇವು ಎತ್ತಿಕೊಂಡು, ದಾರಿಯಲ್ಲಿ ಗ್ರಂಥಿಗಳಲ್ಲಿ ಸೋಸಿ, ಕೊರಳ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ದಿನಕ್ಕೆ ಸುಮಾರು 2ರಿಂದ 4 ಲೀಟರ್ ಹೀಗೆ ಮರಳುತ್ತದೆ. ಇದನ್ನು ನೂಕಲು ಹೃದಯದಂಥ ಪಂಪಿಲ್ಲ. ನಾಳದ ಗೋಡೆಯ ಮಿಡಿತ, ಸ್ನಾಯುಗಳ ಚಲನೆ, ಆಳವಾದ ಉಸಿರು ಇವೇ ಅದರ ಬಲ. ಕಂಕುಳಿನ ಗ್ರಂಥಿ ತೆಗೆದರೆ, ರೇಡಿಯೇಷನ್‌ನಿಂದ ಗಾಯಗಟ್ಟಿದರೆ ಕಾಲುವೆಗೆ ಮಣ್ಣು ಬಿದ್ದಂತೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಕೈ ಊದುತ್ತದೆ. ಮೊದಲ ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷಿಸಿದವರಲ್ಲಿ ಇದು ತುಂಬ ಕಡಿಮೆ.

ಇಲ್ಲಿ ನಿಂತದ್ದು ಬರೀ ನೀರಲ್ಲ, ಜೊತೆಗೆ ಪ್ರೋಟೀನೂ ಇದೆ. ಅದಕ್ಕೇ ಲಿಂಫಿನ ಊತಕ್ಕೆ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ಪರಿಹಾರವಲ್ಲ. ಮಾತ್ರೆ ನೀರನ್ನಷ್ಟೇ ಎಳೆಯುತ್ತದೆ, ಉಳಿದ ಪ್ರೋಟೀನು ಮತ್ತೆ ನೀರನ್ನು ಕರೆದುಕೊಳ್ಳುತ್ತದೆ. ಬಹುಕಾಲ ಬಿಟ್ಟರೆ ಅದೇ ಜಾಗದಲ್ಲಿ ನಾರು, ಕೊಬ್ಬು ಬೆಳೆದು ಗಟ್ಟಿಯಾಗುತ್ತದೆ. ಆಮೇಲೆ ಯಾರು ಎಷ್ಟು ನೀವಿದರೂ ಪೂರ್ತಿ ಇಳಿಯುವುದು ಕಷ್ಟ.

ತಜ್ಞರ ಕೈಯ ಲಿಂಫ್ ಮಸಾಜ್

ಈ ಪದ್ಧತಿಯನ್ನು ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್. 1930ರ ದಶಕದಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಕೆಲಸ ಮಾಡುತ್ತಿದ್ದಾಗ, ಬಿಡದ ನೆಗಡಿಯಿಂದ ಬಳಲುವವರ ಕುತ್ತಿಗೆಯ ಊದಿದ ಗ್ರಂಥಿಗಳನ್ನು ಮೃದುವಾಗಿ ನೀವಿ ನೋಡುತ್ತ ಅವರು ಇದನ್ನು ಬೆಳೆಸಿದರು. 1936ರಲ್ಲಿ ಪ್ಯಾರಿಸಿನಲ್ಲಿ ಜನರ ಮುಂದಿಟ್ಟರು. ಮುಂದೆ ಜರ್ಮನಿಯ ಫೋಲ್ಡಿ ದಂಪತಿ ಇದಕ್ಕೆ ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ ಸೇರಿಸಿ ನಾಲ್ಕು ಭಾಗದ ಚಿಕಿತ್ಸೆಯಾಗಿ ಮಾಡಿದರು. ಇಂದು ಆಸ್ಪತ್ರೆಗಳಲ್ಲಿ ಮಾಡುವುದು ಆ ನಾಲ್ಕೂ ಕೂಡಿದ್ದನ್ನು.

ಕನ್ನಡದಲ್ಲಿ ತಿಕ್ಕುವುದು, ಒತ್ತುವುದು, ನೀವುವುದು ಎಂದು ಬೇರೆ ಬೇರೆ ಮಾತುಗಳಿವೆ. ಲಿಂಫ್ ಮಸಾಜ್ ನೀವುವುದಕ್ಕೆ ಸೇರಿದ್ದು, ಅದರಲ್ಲೂ ತೀರ ಹಗುರವಾದದ್ದು. ದುಗ್ಧನಾಳದ ಮೊದಲ ಎಳೆಗಳು ಚರ್ಮದ ಕೆಳಗೇ ಇರುತ್ತವೆ. ಚರ್ಮವನ್ನು ಮೆಲ್ಲಗೆ ಎಳೆದರೆ ಅವುಗಳ ಬಾಯಿ ತೆರೆಯುತ್ತದೆ, ಗಟ್ಟಿಯಾಗಿ ಅದುಮಿದರೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ವೊಡ್ಡರ್ ಪದ್ಧತಿಯಲ್ಲಿ ಎಣ್ಣೆ ಬಳಸುವುದಿಲ್ಲ. ಕೈ ಜಾರಿದರೆ ಚರ್ಮ ಎಳೆಯಲು ಬರುವುದಿಲ್ಲ. ಚರ್ಮ ಕೆಂಪಾದರೆ, ನೋವಾದರೆ ಒತ್ತಡ ಹೆಚ್ಚಾಯಿತು ಎಂದೇ ಅರ್ಥ.

ಕ್ರಮವೂ ತಲೆಕೆಳಗು. ಊದಿದ ಕೈಯಿಂದ ಶುರು ಮಾಡುವುದಿಲ್ಲ. ಮೊದಲು ಕೊರಳ ಬುಡ, ಆಮೇಲೆ ಸರಿಯಾಗಿರುವ ಕಡೆಯ ಕಂಕುಳು, ಊದಿದ ಕಡೆಯ ತೊಡೆಸಂದು, ಎದೆ ಬೆನ್ನು, ಮತ್ತೆ ಮೇಲ್ತೋಳು, ಕೊನೆಗೆ ಮುಂಗೈ. ಕೆಳಗಿನ ಬಸಿಗಾಲುವೆ ಬಿಡಿಸದೆ ಮೇಲಿನ ಗುಂಡಿಯ ನೀರು ನೂಕಿದರೆ ಅದು ಹೋಗುವುದೆಲ್ಲಿಗೆ? ಆ ಸ್ಪಾದಲ್ಲಿ ಆದದ್ದು ಅದೇ. ನೇರ ಬೆರಳಿಂದ ಮೇಲಕ್ಕೆ ಉಜ್ಜಿದರು, ಮುಚ್ಚಿದ ಕಂಕುಳಿನ ಕಡೆಗೆ.

ಇದರಿಂದ ಎಷ್ಟು ಪ್ರಯೋಜನ? ಸ್ತನ ಕ್ಯಾನ್ಸರ್ ನಂತರದ ಕೈ ಊತದ ಬಗ್ಗೆ 2015ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಆರು ಪ್ರಯೋಗಗಳನ್ನು ಕೂಡಿಸಿ ನೋಡಿತು. ಬ್ಯಾಂಡೇಜ್ ಒಂದರಿಂದಲೇ ಊತ ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. ಮಸಾಜ್ ಸೇರಿಸಿದಾಗ ಇನ್ನೊಂದು ಚಿಕ್ಕ ಪಾಲು ಇಳಿಯಿತು, ಅದೂ ಊತ ಇನ್ನೂ ಹಗುರವಾಗಿದ್ದವರಲ್ಲಿ ಹೆಚ್ಚು. ಮಸಾಜಿನಿಂದ ಹಾನಿ ಕಾಣಲಿಲ್ಲ. ಅಮ್ಮನ ಅನುಭವವೂ ಇದಕ್ಕೆ ಹೊಂದುತ್ತದೆ. ಮಸಾಜಿನ ನಂತರ ಭಾರ, ಸೆಳೆತ ಕಡಿಮೆಯಾಗಿ ಅವಳಿಗೆ ನೆಮ್ಮದಿಯ ನಿದ್ದೆ ಬರುತ್ತಿತ್ತು. ಆದರೆ ಬ್ಯಾಂಡೇಜ್ ಕಟ್ಟದ ದಿನ ಸಂಜೆಯೊಳಗೆ ಕೈ ಮತ್ತೆ ಮೊದಲಿನಂತೆ.

ಬ್ಯಾಂಡೇಜ್ ಮತ್ತು ಸ್ಲೀವ್

ದುಡ್ಡು ಒಂದೇ ಕಡೆ ಹಾಕುವಷ್ಟಿದ್ದರೆ ಇಲ್ಲಿ ಹಾಕಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಿಕಿತ್ಸೆ ಎರಡು ಹಂತದ್ದು. ಮೊದಲು ಇಳಿಸುವ ಹಂತ, ಸಾಮಾನ್ಯವಾಗಿ 2ರಿಂದ 4 ವಾರ. ವಾರದಲ್ಲಿ ಐದು ದಿನ ಮಸಾಜ್ ಮಾಡಿ, ಮೆತ್ತೆ ಇಟ್ಟು, ಹಲವು ಪದರದ ಬ್ಯಾಂಡೇಜ್ ಸುತ್ತಿ, ಅದರೊಂದಿಗೇ ವ್ಯಾಯಾಮ. ಊತ ಇಳಿದು ನಿಂತ ಮೇಲೆ ಅಳತೆ ತೆಗೆದು ಸ್ಲೀವ್ (ಕೈಗೆ ತೊಡುವ ಬಿಗಿ ತೋಳು) ಅಥವಾ ಸ್ಟಾಕಿಂಗ್ (ಕಾಲಿಗೆ ತೊಡುವ ಬಿಗಿ ಚೀಲ). ಇದು ಉಳಿಸಿಕೊಳ್ಳುವ ಹಂತ, ವರ್ಷಗಟ್ಟಲೆ ನಡೆಯುವಂಥದ್ದು. ಊತ ಇಳಿಸದೆ ನೇರವಾಗಿ ಸ್ಲೀವ್ ಕೊಂಡರೆ ಅದು ಊದಿದ ಕೈಯ ಅಳತೆಯದ್ದೇ ಆಗುತ್ತದೆ.

ಮೆಡಿಕಲ್ ಶಾಪಿನ ಸಾಮಾನ್ಯ ಕ್ರೇಪ್ ಬ್ಯಾಂಡೇಜ್ ಇದಕ್ಕೆ ಆಗುವುದಿಲ್ಲ. ಅದು ತುಂಬ ಹಿಗ್ಗುತ್ತದೆ, ಸುಮ್ಮನೆ ಕೂತಿದ್ದಾಗಲೂ ಬಿಗಿಯುತ್ತದೆ, ಜಾರಿ ಒಂದೇ ಕಡೆ ಗಂಟು ಕಟ್ಟಿ ಕೊರೆಯುತ್ತದೆ. ಬೇಕಾದದ್ದು 'ಶಾರ್ಟ್ ಸ್ಟ್ರೆಚ್', ಕಡಿಮೆ ಹಿಗ್ಗುವ ಪಟ್ಟಿ. ಸ್ನಾಯು ಉಬ್ಬಿದಾಗ ಅದು ಗೋಡೆಯಂತೆ ತಡೆದು ಒಳಗಿನದನ್ನು ನೂಕುತ್ತದೆ, ವಿಶ್ರಾಂತಿಯಲ್ಲಿ ಸಡಿಲವಿರುತ್ತದೆ. ಒತ್ತಡ ಬೆರಳ ಕಡೆ ಹೆಚ್ಚು, ಮೇಲೆ ಹೋದಂತೆ ಕಡಿಮೆ. ತೊಳೆದು ಮತ್ತೆ ಬಳಸಬಹುದು. ಸುತ್ತುವುದನ್ನು ಮನೆಯವರೊಬ್ಬರು ಕಲಿಯಲೇಬೇಕು. ನನಗೆ ಕೈ ಕೂರಲು ಎರಡು ವಾರ ಹಿಡಿಯಿತು.

ಸ್ಲೀವಿನಲ್ಲಿ ದರ್ಜೆಗಳಿವೆ. ಜರ್ಮನ್ ಅಳತೆಯ ಎರಡನೇ ದರ್ಜೆ ಎಂದರೆ ಪಾದರಸದ 23ರಿಂದ 32 ಮಿಲಿಮೀಟರ್ ಒತ್ತಡ. ಲಿಂಫಿನ ಊತಕ್ಕೆ ಇದನ್ನೇ ಹೆಚ್ಚಾಗಿ ಬರೆಯುತ್ತಾರೆ, ಹಗುರ ಊತಕ್ಕೆ ಮೊದಲನೇ ದರ್ಜೆ ಸಾಕು. ದಿನವೂ ಹಾಕಿದರೆ ಆರು ತಿಂಗಳಿಗೆ ಅದರ ಬಿಗಿ ಹೋಗುತ್ತದೆ, ಬದಲಿಸಬೇಕು. ಹಳೆಯ ಸಕ್ಕರೆ ಕಾಯಿಲೆ ಇದ್ದವರು, ಬೀಡಿ ಸಿಗರೇಟು ಸೇದಿದವರು ಕಾಲಿಗೆ ಬಿಗಿ ಕಟ್ಟುವ ಮೊದಲು ಪಾದಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ಪರೀಕ್ಷೆ ಮಾಡಿಸಲೇಬೇಕು. ರಕ್ತ ಕಡಿಮೆ ಹರಿಯುವ ಕಾಲಿಗೆ ಬಿಗಿದರೆ ಹುಣ್ಣಾಗುತ್ತದೆ.

ಪಂಪ್

ಕೈಗೋ ಕಾಲಿಗೋ ಗಾಳಿಚೀಲ ತೊಡಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಕೋಣೆ ಉಬ್ಬುವ ಯಂತ್ರ. ಮನೆಯಲ್ಲೇ ದಿನಕ್ಕೆ ಅರ್ಧದಿಂದ ಒಂದು ಗಂಟೆ ಬಳಸಬಹುದು. ಒಂಟಿಯಾಗಿರುವವರಿಗೆ, ಕೈ ನೋವಿನಿಂದ ಬ್ಯಾಂಡೇಜ್ ಸುತ್ತಲಾರದವರಿಗೆ ಅನುಕೂಲವೇ. ಆದರೆ ಪಂಪು ನೀರನ್ನು ಕೈಕಾಲಿನ ಬುಡದವರೆಗೆ ತಂದು ಬಿಡುತ್ತದೆ, ಅಲ್ಲಿಂದ ಮುಂದೆ ದಾರಿ ತೆಗೆದಿರದಿದ್ದರೆ ತೊಡೆಸಂದಿನಲ್ಲೋ ಭುಜದಲ್ಲೋ ಹೊಸ ಊತ ಕಾಣಿಸಬಹುದು. ಆದ್ದರಿಂದ ಇದು ಬ್ಯಾಂಡೇಜಿಗೆ ಜೊತೆಗಾರ, ಬದಲಿ ಅಲ್ಲ. ಒತ್ತಡ ಎಷ್ಟಿಡಬೇಕೆಂದು ಚಿಕಿತ್ಸಕರೇ ಹೇಳಬೇಕು. ಕೊಳ್ಳುವ ಮೊದಲು ಅವರಲ್ಲಿ ಕೆಲವು ಸಲ ಬಳಸಿ ನೋಡಿ.

ಎಣ್ಣೆಯ ಅಭ್ಯಂಗ, ಕಾಸರಗೋಡಿನ ದಾರಿ

ಅಭ್ಯಂಗ ದಣಿದ ಸ್ನಾಯುಗಳಿಗೆ, ಒಣಗಿದ ಚರ್ಮಕ್ಕೆ ಒಳ್ಳೆಯದು. ಬಾಣಂತಿಗೆ ಅಜ್ಜಿಯ ಕೈಯ ಎಣ್ಣೆನೀರು ಕೊಡುವ ಸುಖ ಬೇರೆಯೇ. ಆದರೆ ಲಿಂಫಿನ ಊತದ ಕೈಕಾಲಿಗೆ ಬಲವಾಗಿ ತಿಕ್ಕುವುದು, ಮೇಲಿಂದ ಸುಡುಸುಡು ನೀರು ಹೊಯ್ಯುವುದು ಎರಡೂ ಬೇಡ. ಶಾಖಕ್ಕೆ ರಕ್ತನಾಳ ಹಿಗ್ಗಿ ಇನ್ನಷ್ಟು ನೀರು ಜಿನುಗುತ್ತದೆ.

ಹಾಗೆಂದು ಆಯುರ್ವೇದವನ್ನೇ ತಳ್ಳಿಹಾಕುವಂತಿಲ್ಲ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲು ರೋಗಿಗಳಿಗಾಗಿ ಆಧುನಿಕ ಚರ್ಮವೈದ್ಯ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿದ ಕ್ರಮವನ್ನು ಕಟ್ಟಿದೆ. ಕಾಲು ತೊಳೆದು, ಒರೆಸಿ, ಗಿಡಮೂಲಿಕೆಯ ನೀರಿನಲ್ಲಿ ನೆನೆಸಿ, ಯೋಗ ಮತ್ತು ಉಸಿರಾಟ ಮಾಡಿ, ಲಿಂಫಿನ ದಿಕ್ಕಿನಲ್ಲಿ ಎಣ್ಣೆ ನೀವಿ, ಬ್ಯಾಂಡೇಜ್ ಕಟ್ಟುತ್ತಾರೆ. ರೋಗಿ ಊರಿಗೆ ಹೋಗಿ ಮನೆಯಲ್ಲೇ ಮುಂದುವರಿಸುವಂತೆ ಕಲಿಸುತ್ತಾರೆ. ಇಲ್ಲೂ ಗಮನಿಸಿ, ಎಣ್ಣೆಯ ನಂತರ ಬ್ಯಾಂಡೇಜ್ ಬಿಟ್ಟಿಲ್ಲ.

ಮುಖಕ್ಕೆ ಕಲ್ಲಿನ ರೋಲರ್, ಒಣ ಬ್ರಷ್, 'ವಿಷ ಹೊರಹಾಕುವ' ಮಸಾಜ್ ಇವುಗಳಿಂದ ಮುಖದ ಬೆಳಗಿನ ಊತ ಕೆಲವು ಗಂಟೆ ಇಳಿಯಬಹುದು. ವಿಷ ತೆಗೆಯುವ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು. ತೂಕ ಇಳಿಯುತ್ತದೆ ಎಂಬ ಮಾತನ್ನು ನಂಬಿ ದುಡ್ಡು ಕೊಡಬೇಡಿ.

ನಿಮ್ಮ ಪರಿಸ್ಥಿತಿ ಯಾವುದು?

ಸ್ತನ ಕ್ಯಾನ್ಸರ್ ನಂತರ ಕೈ ಊದಲು ಶುರುವಾಗಿದ್ದರೆ ತಡಮಾಡದೆ ನಾಲ್ಕೂ ಕೂಡಿದ ಚಿಕಿತ್ಸೆ ಹಿಡಿಯಿರಿ. ಮೊದಲ ತಿಂಗಳುಗಳಲ್ಲಿ ಇಳಿದಷ್ಟು ಮುಂದೆ ಇಳಿಯದು. 'ಆ ಕೈಯಲ್ಲಿ ಏನೂ ಎತ್ತಬೇಡ' ಎಂಬ ಹಳೆಯ ಮಾತು ಈಗಿಲ್ಲ. 2009ರಲ್ಲಿ ಅಮೆರಿಕದಲ್ಲಿ ಕೈ ಊದಿದ್ದ 141 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ಸ್ಲೀವ್ ತೊಟ್ಟು ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಏರಿಸುತ್ತ ಹೋದವರ ಊತ ಹೆಚ್ಚಲಿಲ್ಲ, ಉಲ್ಬಣಿಸುವುದು ಕಡಿಮೆಯಾಯಿತು. ಅಮ್ಮ ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿದಳು. ಈಗ ಹಾಲಿನ ಕ್ಯಾನ್ ಎತ್ತುತ್ತಾಳೆ.

ಆನೆಕಾಲಿಗೆ ಮಸಾಜಿಗಿಂತ ಸೋಪು ನೀರು ಮುಖ್ಯ. ಕಲಬುರಗಿ, ಯಾದಗಿರಿ, ಬೀದರ್ ಕಡೆ, ಕರಾವಳಿಯಲ್ಲಿ ಸೊಳ್ಳೆಯಿಂದ ಹರಡುವ ಈ ಫೈಲೇರಿಯಾ ಹುಳು ನಾಳಗಳನ್ನು ಕೆಡಿಸಿಬಿಡುತ್ತದೆ. ಆಮೇಲೆ ಕಾಲನ್ನು ದಪ್ಪ ಮಾಡುತ್ತ ಹೋಗುವುದು ಮೇಲಿಂದ ಮೇಲೆ ಬರುವ ಚರ್ಮದ ಸೋಂಕು. ಬ್ಯಾಕ್ಟೀರಿಯಾ ಒಳನುಗ್ಗುವ ಬಾಗಿಲು ಕಾಲ್ಬೆರಳ ಸಂದಿನ ಕೊಳೆತ, ಅಲ್ಲಿನ ಬೂಷ್ಟು. ದಿನಕ್ಕೆ ಒಮ್ಮೆಯಾದರೂ ತೊಳೆದು, ಪ್ರತಿ ಸಂದನ್ನೂ ಒಣಬಟ್ಟೆಯಲ್ಲಿ ಒರೆಸಿ, ಬೇಕಾದಲ್ಲಿ ಬೂಷ್ಟಿನ ಮುಲಾಮು ಹಚ್ಚಿ, ಕೂರುವಾಗ ಕಾಲು ಎತ್ತಿಟ್ಟು, ಪಾದವನ್ನು ಮೇಲೆ ಕೆಳಗೆ ಆಡಿಸಿ, ಮೆತ್ತನೆಯ ಚಪ್ಪಲಿ ಹಾಕಿ. ಇಷ್ಟನ್ನೇ ತಪ್ಪದೆ ಮಾಡಿದರೆ ಜ್ವರ ಬರುವುದು ಬಹಳ ಕಡಿಮೆಯಾಗುತ್ತದೆ. ಆರೋಗ್ಯ ಇಲಾಖೆಯವರು ಇದನ್ನು ಕಲಿಸುತ್ತಾರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಬ್ಯಾಂಡೇಜ್, ಮಸಾಜ್ ಇದರ ಮೇಲೆ.

ಮಂಡಿಚಿಪ್ಪು ಬದಲಾಯಿಸಿಕೊಂಡವರ ಊತ ಬೇರೆ. ಅದು ಗಾಯ ಮಾಯುವ ಭಾಗ, ವಾರಗಟ್ಟಲೆ ಇದ್ದು ತಾನಾಗಿ ಇಳಿಯುವಂಥದ್ದು. ಲಿಂಫ್ ಮಸಾಜಿನಿಂದ ಮಂಡಿ ಬೇಗ ಮಡಚುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳ ಫಲ ಒಂದೇ ತೆರನಾಗಿಲ್ಲ. ಐಸ್, ಕಾಲು ಎತ್ತರದಲ್ಲಿಡುವುದು, ಕಣಕಾಲು ಆಡಿಸುವುದು, ಹೇಳಿದಷ್ಟು ನಡೆಯುವುದು ಮೊದಲು. ಅದರ ಮೇಲೆ ಮಸಾಜಿಗೆ ಅನುಕೂಲವಿದ್ದರೆ ಮಾಡಿಸಿ, ಮಡಚುವ ವ್ಯಾಯಾಮದ ಸಮಯ ಕದ್ದು ಬೇಡ. ಕೊಬ್ಬು ತೆಗೆಸಿಕೊಂಡವರಿಗೆ ಸರ್ಜನ್ ಹೇಳಿದ ದಿನದಿಂದ ಹಗುರ ಮಸಾಜ್ ಆರಾಮ ಕೊಡುತ್ತದೆ. ಅಲ್ಲೂ ಬಿಗಿ ಉಡುಪೇ ಮುಖ್ಯ.

ಬಾಣಂತಿಯ ಪಾದದ ಊತ ಒಂದೆರಡು ವಾರದಲ್ಲಿ ಇಳಿಯುತ್ತದೆ. ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಕೂಡಲೇ ಬಿಪಿ ನೋಡಿಸಿ. ಹೆರಿಗೆಯ ನಂತರದ ಆರು ವಾರ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು, ಆದ್ದರಿಂದ ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ತಿಕ್ಕುವವರನ್ನು ತಡೆಯಿರಿ.

ಚಿಕಿತ್ಸಕರನ್ನು ಆರಿಸುವಾಗ

ಮೊದಲ ಭೇಟಿಯಲ್ಲೇ ಗೊತ್ತಾಗುತ್ತದೆ. ಎರಡೂ ಕೈ ಅಳೆದು ಬರೆದುಕೊಂಡರೇ? ಆಪರೇಷನ್, ರೇಡಿಯೇಷನ್, ಹೃದಯ, ಸಕ್ಕರೆ ಬಗ್ಗೆ ಕೇಳಿದರೇ? ಮಸಾಜ್ ಮುಗಿದ ಮೇಲೆ ಬ್ಯಾಂಡೇಜಿನ ಮಾತು ಬಂತೇ? ಮನೆಯವರಿಗೆ ಕಲಿಸಲು ಒಪ್ಪಿದರೇ? ನಮ್ಮ ಫಿಸಿಯೋಥೆರಪಿಸ್ಟ್ ಮೊದಲ ದಿನ ಮಸಾಜನ್ನೇ ಮಾಡಲಿಲ್ಲ, ಒಂದು ಗಂಟೆ ಕೇಳಿದರು, ಅಳೆದರು. ಹತ್ತು ಸಲದ ಪ್ಯಾಕೇಜು ಮೊದಲೇ ಮಾರುವವರಲ್ಲಿಗೆ ನಾನು ಮತ್ತೆ ಹೋಗುವುದಿಲ್ಲ.

ದೂರದ ಹಳ್ಳಿಯಿಂದ ವಾರಕ್ಕೆ ಐದು ದಿನ ಬರಲಾಗದವರು ಸ್ವಂತ ನೀವುವಿಕೆಯನ್ನು ಕಲಿತು ಬನ್ನಿ. ಅಮ್ಮ ರಾತ್ರಿ ಮಲಗುವ ಮುನ್ನ 15 ನಿಮಿಷ ಮಾಡುತ್ತಾಳೆ. ಹೊಟ್ಟೆ ಉಬ್ಬುವಂತೆ ಐದಾರು ಸಲ ಆಳವಾದ ಉಸಿರು, ಕೊರಳ ಬುಡದ ಎರಡೂ ಗುಳಿಯಲ್ಲಿ ಬೆರಳಿಟ್ಟು ಚರ್ಮವನ್ನು ವೃತ್ತಾಕಾರವಾಗಿ ಸರಿಸುವುದು, ಎಡ ಕಂಕುಳು, ಎದೆಯ ಮೇಲೆ ಬಲದಿಂದ ಎಡಕ್ಕೆ, ಬಲ ಪಕ್ಕೆಯಿಂದ ತೊಡೆಸಂದಿಗೆ, ಆಮೇಲೆ ತೋಳು. ಮಗುವಿನ ಕೆನ್ನೆ ಸವರುವಷ್ಟೇ ಭಾರ.

ಉಳಿದದ್ದು ಚರ್ಮದ ಕಾವಲು. ತೋಟಕ್ಕೆ ಹೋಗುವಾಗ ಗ್ಲೌಸ್. ಮಳೆಗಾಲದಲ್ಲಿ ಇಂಬಳ ಕಚ್ಚಿದರೆ, ಕತ್ತಿ ತಾಗಿದರೆ ಕೂಡಲೇ ತೊಳೆದು ಔಷಧ. ಸೂಜಿ, ಬಿಪಿ ಪಟ್ಟಿ ಸಾಧ್ಯವಿದ್ದಾಗ ಎಡಗೈಗೆ.

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ, ಕೆಲಸ ಶುರುವಾಗುವ ಮೊದಲು, ದರ್ಜಿಯ ಟೇಪಿನಲ್ಲಿ ಎರಡೂ ಕೈ ಅಳೆಯುತ್ತೇವೆ: ಮಣಿಕಟ್ಟು, ಅಲ್ಲಿಂದ ಪ್ರತಿ 10 ಸೆಂಟಿಮೀಟರಿಗೆ ಒಂದು ಗುರುತು. ಒಂದೇ ಜಾಗದಲ್ಲಿ ಎರಡು ಕೈಗಳ ನಡುವೆ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಡಾಕ್ಟರಿಗೆ ತೋರಿಸಬೇಕು. ಅಮ್ಮನ ಅಳತೆಗಳೆಲ್ಲ ಅಡುಗೆಮನೆ ಕ್ಯಾಲೆಂಡರಿನ ಅಂಚಿನಲ್ಲಿವೆ. ಕಳೆದ ಮಳೆಗಾಲದಲ್ಲಿ ಎರಡು ತಿಂಗಳು ಸಂಖ್ಯೆ ಏರಿತ್ತು. ನೋಡಿದರೆ ಸ್ಲೀವ್ ಕೊಂಡು ಎಂಟು ತಿಂಗಳಾಗಿತ್ತು. ಹೊಸದು ತಂದೆವು, ಮುಂದಿನ ತಿಂಗಳು ಮತ್ತೆ ಇಳಿಯಿತು.